ಸವಾಲಿನ ಕುರ್ಚಿಯಲ್ಲಿ ಒಂದು ಮಳೆಗಾಲ

ನಾನು ಶಾಲೆ ಬಿಟ್ಟದ್ದು ೧೯೯೩ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೆ. ಬಡತನಕ್ಕೆ ಬಿಟ್ಟೆ ಅಂತ ಹೇಳಿದರೆ ಕೇಳುವವರಿಗೆ ಸಮಾಧಾನ, ಆದರೆ ಅದು ಖರೆಯಲ್ಲ. ಭೂಮಿ ತಿರುಗುತ್ತಿದ್ದರೆ ನಮ್ಮ ಬಾವಿಯ ನೀರು ಯಾಕೆ ಚೆಲ್ಲುವುದಿಲ್ಲ ಅಂತ ಭೂಗೋಳದ ಮಾಸ್ತರರನ್ನು ಕೇಳಿದೆ. ಅವರು ಬಾಯಿಗೆ ಬದಲು ಬೆತ್ತ ತೆಗೆದರು. ಮರುದಿನ ನಾನು ಹೋಗಲಿಲ್ಲ. ಆಮೇಲೆ ಯಾರು ಹೇಳಿದರೂ ಹೋಗಲಿಲ್ಲ. ಕಟ್ಟಡದ ಕೆಲಸ ಕಲಿಯಲಿ ಅಂತ ಅಪ್ಪ ನನ್ನನ್ನು ಭಾಲ್ಕಿಯ ಒಬ್ಬ ಗೌಂಡಿಯ ಕೈಗೆ ಒಪ್ಪಿಸಿದ. ಅಲ್ಲಿಂದ ಹೈದರಾಬಾದಿಗೆ ಬಂದೆ. ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ನಾನು ಹಾಕಿದ ಟೈಲ್ಸಿನ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂಡುತ್ತದೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ.

ಹೋದ ತಿಂಗಳು ಲಿಂಗಂಪಲ್ಲಿಯಲ್ಲಿ ಕನ್ನಡ ಕ್ರೈಸ್ತರ ಹೊಸ ಸಭಾಮಂದಿರಕ್ಕೆ ನೆಲ ಹಾಕುವ ಕೆಲಸ ನನಗೇ ಬಂತು. ಬೀದರ, ಕಲಬುರಗಿ ಕಡೆಯಿಂದ ಕೂಲಿಗೆ, ನೌಕರಿಗೆ ಬಂದವರ ಸಭೆ ಅದು. ನಾನು ಅವರವನಲ್ಲ, ಲಿಂಗ ಕಟ್ಟಿಕೊಂಡವನು. ಹಳೆಯ ತಗಡಿನ ಶೆಡ್ಡಿನಿಂದ ಒಂದು ಕಪಾಟು ಎತ್ತಿ ತರುವಾಗ ಅದರ ಬಾಗಿಲು ತೆರೆದುಕೊಂಡಿತು. ಒಣಗಿದ ಬೇವಿನೆಲೆ, ತಂಪು ಹಿಡಿದ ಹಳೆಯ ಕಾಗದ, ಎರಡೂ ಕೂಡಿದ ವಾಸನೆ ಮೂಗಿಗೆ ಬಂತು. ನಾನು ಕಪಾಟಿನ ತುದಿ ಹಿಡಿದುಕೊಂಡೇ ನಿಂತುಬಿಟ್ಟೆ. ಹಿಂದಿನಿಂದ ಹಿಡಿದವನು, 'ಮೇಸ್ತ್ರಿ, ಸರಿರಿ ಮುಂದ' ಅಂತ ಕೂಗಿದ. ಸರಿಯಲು ಆಗಲಿಲ್ಲ. ೨೦೧೬ರ ಮಳೆಗಾಲ ಅಷ್ಟೂ ಆ ವಾಸನೆಯಲ್ಲಿತ್ತು.

ಆಗ ತೆಲಂಗಾಣ ಬೇರೆ ರಾಜ್ಯವಾಗಿ ಎರಡು ವರ್ಷವಾಗಿತ್ತು. ಊರ ತುಂಬ ಕಟ್ಟಡ ಏಳುತ್ತಿದ್ದವು, ಕೈಗೆ ಬಿಡುವಿರಲಿಲ್ಲ. ನನ್ನ ಜೋಡಿ ಸಾಮ್ವೆಲ್ ಇದ್ದ. ನಮ್ಮ ಊರವನೇ, ನನ್ನ ವಾರಿಗೆಯವನೇ. ನಾನು ಟೈಲ್ಸ್ ಅಳೆದು ಕತ್ತರಿಸುವುದು, ಅವನು ಕೂಡಿಸುವುದು. ಅವನ ತಮ್ಮ ಜೈಪಾಲ ಊರಿನಲ್ಲಿ ಹೋಟೆಲಿನ ಮುಂದೆ ಕೂತು ಕಾಲ ಕಳೆಯುತ್ತಿದ್ದವನನ್ನು ಸಾಮ್ವೆಲ್ ಆ ವರ್ಷವೇ ಕರೆದುಕೊಂಡು ಬಂದಿದ್ದ. ಮೀಸೆ ತೀಡುತ್ತ, ಹಾಡು ಗುನುಗುತ್ತ ಸಿಮೆಂಟು ಕಲಸುತ್ತಿದ್ದ ಆಳು. ಅಣ್ಣನಿಗೂ ನನಗೂ ವಾದ ಹತ್ತಿಸಿ ತಮಾಷೆ ನೋಡುವುದು ಅವನ ಹವ್ಯಾಸ.

ಜೂನಿನಲ್ಲಿ ಮಿರುಗದ ಮಳೆ ಬಿದ್ದ ವಾರ ಸಾಮ್ವೆಲ್ ಕೇಳಿದ:

'ಐತವಾರ ನಮ್ಮ ಸಭಾಕ್ಕ ಬರ್ತಿಯೇನು? ಸವಾಲಿನ ಕುರ್ಚಿಗೆ ಮಂದಿ ಸಿಗವಲ್ರು.'

'ಅದೇನದು?'

'ಕೂತು ಪ್ರಶ್ನೆ ಕೇಳಬೇಕು. ನಮ್ಮ ಧರ್ಮಕ್ಕ ವಿರುದ್ಧ. ಜೋರಾಗಿ.'

'ನಿಮ್ಮವರ ಯಾರರೆ ಕೇಳ್ಲಿ.'

'ನಮ್ಮವರ ಕೂತ್ರ ಅರ್ಧ ಪ್ರಶ್ನೆ ಕೇಳಿ ಅವರ ಆಮೆನ್ ಅಂತಾರಲೇ. ನಿನ್ನಂಥಾ ಜಗಳಗಂಟನ ಬೇಕು.'

'ನನ್ನ ಧರ್ಮ ಕೆಡಸ್ತೀರೇನು?'

'ನಿನ್ನ ಧರ್ಮ ತಗೊಂಡು ನಾವೇನು ಮಾಡೂಣು? ನಮಗ ನಿನ್ನ ಬಾಯಿ ಬೇಕಾಗೈತಿ.'

ಹಿಂದೆ ಸಿಮೆಂಟು ಕಲಸುತ್ತಿದ್ದ ಜೈಪಾಲ ಸಲಿಕೆ ಊರಿ ನಕ್ಕ. 'ಹೋಗು ಶರಣಣ್ಣಾ, ನಮ್ಮಣ್ಣನ ಸೊಕ್ಕ ಮುರದು ಬಾ.'

ಹಾಗೆ ನಾನು ಹೋದೆ. ರೈಲು ಹಳಿಯ ಪಕ್ಕ ತಗಡಿನ ಶೆಡ್ಡು. ನೆಲಕ್ಕೆ ಚಾಪೆ. ಎದುರಿಗೆ ಒಂದು ಕಬ್ಬಿಣದ ಮಡಚುವ ಕುರ್ಚಿ, ಅದಕ್ಕೆ ಎದುರಾಗಿ ಒಂದು ಗಿಡ್ಡ ಸ್ಟೂಲು. ಸಭೆಯ ಹಿರಿಯರು ಪ್ರಭುದಾಸ ಮುತ್ಯಾ. ಸಿಕಂದರಾಬಾದಿನಲ್ಲಿ ರೈಲ್ವೆ ಗ್ಯಾಂಗಿನಲ್ಲಿ ದುಡಿದು ರಿಟೈರಾದವರು. ನಾನು ಅಂಗಿಯ ಗುಂಡಿ ಹಾಕಿಕೊಂಡು ಲಿಂಗ ಮುಚ್ಚಿಕೊಳ್ಳುತ್ತಿದ್ದದ್ದನ್ನು ನೋಡಿ ಅಂದರು: 'ಅದು ಹಂಗ ಹೊರಗ ಇರ್ಲಿ ತಮ್ಮಾ. ಅದನ್ನ ಮುಚ್ಚಿ ಕೇಳಿದ್ರ ಅದು ನಿನ್ನ ಪ್ರಶ್ನೆ ಆಗಂಗಿಲ್ಲ.'

ಆಮೇಲೆ ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದರು. ಪುಟಗಳ ನಡುವೆ ಬೇವಿನೆಲೆ. ಮುಖಪುಟದ ಮೇಲೆ ಅದಕ್ಕೊಂದು ಉದ್ದನೆಯ ಹೆಸರಿದೆ. ಅದನ್ನು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಅದು ಜವಾಬು ಪುಸ್ತಕ. ಕ್ರಿಸ್ತನನ್ನು ಯಾಕೆ ನಂಬಬೇಕು ಅಂತ ಕೇಳಿದವರಿಗೆ ಕಾರಣ ಕೊಡುವ ಪುಸ್ತಕ. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಬೈಬಲ್ಲಿನ ಪಕ್ಕಕ್ಕೆ ಅದಕ್ಕೂ ಒಂದು ಜಾಗ.

ಅದರ ಹುಟ್ಟು ಮುತ್ಯಾ ಅವತ್ತು ಹೇಳಿದ್ದು ನನಗೆ ಇನ್ನೂ ನೆನಪಿದೆ. ನಿಜಾಮರ ಕಾಲದಲ್ಲಿ ಬೀದರ ಕಡೆ ಒಂದು ಮಿಶನ್ ದವಾಖಾನೆಯಲ್ಲಿ ಒಬ್ಬ ಕಂಪೌಂಡರ್ ಇದ್ದ. ಔಷಧಿಗೆ ಬಂದವರು ಸಾಲಿನಲ್ಲಿ ಕೂತು ಬೇಸರಕ್ಕೆ ಅವನನ್ನು ಕೆಣಕುತ್ತಿದ್ದರು. ಮುಲ್ಲಾ ಒಂದು ಕೇಳುತ್ತಿದ್ದ, ಅಯ್ಯನವರು ಒಂದು ಕೇಳುತ್ತಿದ್ದರು, ದೇವರೇ ಇಲ್ಲ ಅನ್ನುವ ವಕೀಲ ಇನ್ನೊಂದು. ಅವನು ಔಷಧಿ ಅರೆಯುತ್ತ ಸುಮ್ಮನೆ ಕೇಳುತ್ತಿದ್ದ. ಸಂಜೆ ಪ್ರಶ್ನೆಯನ್ನು ಮಾತ್ರ ಬರೆದಿಡುತ್ತಿದ್ದ. ಜವಾಬು ಹೊಳೆಯುವುದಕ್ಕೆ ಕೆಲವಕ್ಕೆ ವರ್ಷಗಟ್ಟಲೆ ಹಿಡಿಯಿತಂತೆ. ಹಾಗೆ ಆದ ಪುಸ್ತಕವಾದ್ದರಿಂದ ಅದರಲ್ಲಿ ಪ್ರಶ್ನೆಗಳಿಗೆ ಜೋರಿದೆ. ಎದುರಾಳಿಯನ್ನು ಹೆಡ್ಡನನ್ನಾಗಿ ಮಾಡಿ ಗೆಲ್ಲುವ ಆಟವಿಲ್ಲ. ಮುನ್ನುಡಿಯಲ್ಲಿ ಅವನು ಓದುವ ರೀತಿಯನ್ನೂ ಕಟ್ಟಿಕೊಟ್ಟಿದ್ದ. ಪ್ರಶ್ನೆ ಕೇಳುವವನು ಕುರ್ಚಿಯ ಮೇಲೆ ಕೂಡಲಿ, ಜವಾಬು ಹೇಳುವವನು ಕೆಳಗೆ. ಕೇಳುವವನು ಆದಷ್ಟು ಹೊರಗಿನವನಾಗಿರಲಿ. ಕೇಳಿದವನು ಏಳುವವರೆಗೆ ಯಾರೂ ಏಳಬಾರದು.

ಸಿಕಂದರಾಬಾದಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅದು ಅಚ್ಚಾಯಿತು. ಸಂತೆಗಳಲ್ಲಿ ಅದನ್ನು ಹಿಡಿದು ವಾದಕ್ಕೆ ನಿಂತವರಿದ್ದರು. ಗಿರಣಿಗೆ, ರೈಲಿಗೆ ದುಡಿಯಲು ಬಂದವರು ಅದನ್ನು ಬುತ್ತಿಯ ಜತೆ ಕಟ್ಟಿಕೊಂಡು ಬಂದರು. ತೆಲುಗಿಗೂ ಹೋಯಿತು. ಎಷ್ಟೋ ಪಾದ್ರಿಗಳು ಅದನ್ನು ಬಾಯಿಪಾಠ ಮಾಡಿ ಪಾದ್ರಿಗಳಾದರು.

'ಆದ್ರ ಎರಡು ಅಚ್ಚು ಅದಾವ,' ಅಂದರು ಮುತ್ಯಾ. 'ಮೊದಲನೇದ್ರಾಗ ಒಂಬತ್ತನೇ ಅಧ್ಯಾಯ ಭಾಳ ಉದ್ದ. ದೇವರು ಒಳ್ಳೇವ ಇದ್ರ ಮನುಷಾಗ ಈ ದುಃಖ ಯಾಕ, ಅನ್ನೂ ಪ್ರಶ್ನೆ. ಕಂಪೌಂಡರ್ ಪುಟಗಟ್ಟಲೆ ಬರದಾನ. ಮುಂದ ಊರಿಗಿ ಬ್ಯಾನಿ ಬಂತು. ಅವನ ಹೆಂಡ್ತಿ, ಮಗ ಹೋದ್ರು. ಎರಡನೇ ಅಚ್ಚಿಗೆ ಅವ ಆ ಅಧ್ಯಾಯ ಪೂರಾ ಕಿತ್ತಿ, ಬರೇ ಮೂರು ಸಾಲು ಇಟ್ಟಾನ. ಅಲ್ಲಿ ಮುಟ್ಟಿದಾಗ ಓದೂಣು.'

ಸಭೆಯ ಕಪಾಟಿನಲ್ಲಿದ್ದದ್ದು ಎರಡನೆಯ ಅಚ್ಚು, ಸಾಮ್ವೆಲ್‌ನ ಬಳಿ ಇದ್ದದ್ದು ಅವನ ತಾತನ ಕಾಲದ ಮೊದಲ ಅಚ್ಚು. ಒಂಬತ್ತನೆಯ ಅಧ್ಯಾಯವೂ ಸೇರಿ ಇಡೀ ಪುಸ್ತಕ ಅವನಿಗೆ ಬಾಯಿಗೆ ಬರುತ್ತಿತ್ತು, ಸಭೆಯ ಅರ್ಧ ಜನಕ್ಕೆ ಅವನೇ ಕಲಿಸಿದ್ದ. ಸ್ಟೂಲಿನ ಮೇಲೆ ಕೂಡುವವನು ಅವನೇ. ನಮ್ಮ ಆಟ ಸುರುವಾಯಿತು.

ಅದಕ್ಕೆ ಆಟವೆಂದೇ ಅನ್ನುತ್ತೇನೆ. ಐತವಾರ ಮುಂಜಾನೆ ತಗಡಿನ ಮೇಲೆ ಮಳೆ ಬಡಿಯುತ್ತಿದ್ದರೆ ನಾನು ಅದಕ್ಕಿಂತ ಜೋರಾಗಿ ಕೂಗಿ ಕೇಳುತ್ತಿದ್ದೆ. ಪುಸ್ತಕದ ಪ್ರಶ್ನೆ ಮುಗಿದ ಮೇಲೆ ನನ್ನದೂ ಸೇರಿಸುತ್ತಿದ್ದೆ.

'ದೇವರು ಒಬ್ಬನ ಅಂತೀರಿ. ಹಂಗಿದ್ರ ನನ್ನ ದೇವರೂ ಅವನ ಆತಲ್ಲ. ಮತ್ತ ನಿಮ್ಮದು ಬ್ಯಾರೆ ಹೆಸರು ಯಾಕ?'

ಸಾಮ್ವೆಲ್ ಸ್ಟೂಲಿನ ಮೇಲೆ ಮೊಣಕಾಲು ಮುದುರಿ ಕೂತು ನಗುತ್ತಿದ್ದ. 'ಬಾವಿ ಒಂದ ಇರಬಹುದು ಶರಣಪ್ಪ. ಆದ್ರ ನಾ ಬಾಯಾರಿ ಬಿದ್ದಾಗ ಸೇದಿ ಕುಡಿಸಿದವನ ಹೆಸರು ನಾ ಹೇಳಬ್ಯಾಡೇನು?'

'ಸತ್ತವ ಮೂರು ದಿನಕ್ಕ ಎದ್ದ ಅಂದ್ರ ಯಾರ ನಂಬಬೇಕು?'

'ಮೊದಲ ನಂಬದಿದ್ದವರು ಅವನ ಶಿಷ್ಯರ. ಗೋರಿ ನೋಡಿ ಬಂದ ಹೆಣ್ಮಕ್ಕಳು ಹೇಳಿದ್ರ, ಇವರಿಗಿ ತಲಿ ಕೆಟ್ಟೈತಿ ಅಂದ್ರು. ಸುಳ್ಳ ಕತಿ ಕಟ್ಟೂವ ತಮ್ಮವರನ್ನ ಹಿಂಗ ದಡ್ಡರ ಮಾಡಿ ಬರೀತಾನೇನು?'

ನಾನು ಸೋತೆ ಅನ್ನಿಸಿದ ದಿನ ಕುರ್ಚಿಯಿಂದ ಬೇಗ ಏಳುತ್ತಿರಲಿಲ್ಲ. ಹಸಿದ ಮಂದಿ ನನ್ನ ಕಡೆ ನೋಡುತ್ತಿದ್ದರು. ಸಾಮ್ವೆಲ್‌ನ ಹೆಂಡತಿ ರೂತಾ ಹಿಂದಿನಿಂದ, 'ಅಣ್ಣಾರ, ಪಲ್ಯಾ ಆರಾಕತ್ತೈತಿ, ಸ್ವಲ್ಪ ಸೋಲ್ರಿ' ಅನ್ನುತ್ತಿದ್ದಳು. ನಾನು ನಕ್ಕು ಏಳುತ್ತಿದ್ದೆ. ಎಲ್ಲರೂ ಏಳುತ್ತಿದ್ದರು. ಸೋಮವಾರ ಕೊಂಡಾಪುರದಲ್ಲಿ ವಾದ ಮತ್ತೆ ಮುಂದುವರಿಯುತ್ತಿತ್ತು. ಕಟರಿನ ಗದ್ದಲದಲ್ಲಿ ಅವನು ಕೂಗುವುದು, ನಾನು ಕೂಗುವುದು. 'ಇವತ್ತ ಶರಣಣ್ಣ ಗೆದ್ದ' ಅಂತ ಜೈಪಾಲ ಒಂದು ದಿನ ಹೇಳಿದರೆ ಇನ್ನೊಂದು ದಿನ ಅಣ್ಣನ ಕಡೆ. ಒಂದು ಪ್ರಶ್ನೆ ಕೇಳಿದ್ದಕ್ಕೆ ಶಾಲೆಯಿಂದ ಹೊರಗೆ ಬಂದವನು ನಾನು. ಪ್ರಶ್ನೆ ಕೇಳಲಿ ಅಂತ ನನಗೆ ಕುರ್ಚಿ ಹಾಕಿ, ತಾವು ಕೆಳಗೆ ಕೂತ ಮಂದಿ ಇವರು ಮಾತ್ರ. ಆ ಮಳೆಗಾಲ ನಾನು ಐತವಾರಕ್ಕಾಗಿ ಕಾಯುತ್ತಿದ್ದೆ.

ಎಂಟು ಅಧ್ಯಾಯ ಮುಗಿದಿದ್ದವು. ಜೈಪಾಲನಿಗೆ ಜ್ವರ ಬಂತು. ಆ ವರ್ಷ ಕೆಲಸದ ಜಾಗದಲ್ಲೆಲ್ಲ ನೀರು ನಿಂತು ಸೊಳ್ಳೆ. ಜ್ವರ ಎಲ್ಲರಿಗೂ ಬಂದು ಹೋಗುತ್ತಿತ್ತು. ಇವನದ್ದು ಹೋಗಲಿಲ್ಲ. ದವಾಖಾನೆಗೆ ಸೇರಿಸಿ ನಾಲ್ಕನೆಯ ದಿನಕ್ಕೆ ಮುಗಿಯಿತು.

ಊರಿಗೆ ಒಯ್ದು ಮಣ್ಣು ಮಾಡಿದೆವು. ನಾನೂ ಹೋಗಿದ್ದೆ. ಮಣ್ಣು ಮಾಡಿ ಬಂದು ಸಾಮ್ವೆಲ್ ಅಂಗಳದಲ್ಲಿ ಗೋಡೆಗೆ ಆತು ಕೂತಿದ್ದ. ಸಭೆಯವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳಲು ಅವರ ಬಾಯಿಗೆ ಬಂದದ್ದು ಹಳೆಯ ಅಚ್ಚಿನ ಒಂಬತ್ತನೆಯ ಅಧ್ಯಾಯ, ಅವನೇ ಕಲಿಸಿದ್ದು. ಒಬ್ಬ ಬಂದು ಕುಲುಮೆಯಲ್ಲಿ ಬೆಂದರೇ ಬಂಗಾರ ಅನ್ನುವ ಸಾಲು ಹೇಳಿದ. ಇನ್ನೊಬ್ಬ ನೇಯ್ಗೆಯ ಹಿಂಬದಿ ಗಂಟು, ಮುಂಬದಿ ಚಿತ್ತಾರ ಅನ್ನುವ ಸಾಲು ಹೇಳಿದ. ಮೂರನೆಯವನಿಗೆ ನಡುವೆ ಮರೆತುಹೋಗಿ, ಮುಂದಿನ ಮಾತಿಗಾಗಿ ಅಭ್ಯಾಸದಂತೆ ಸಾಮ್ವೆಲ್‌ನ ಮುಖವನ್ನೇ ನೋಡಿದ. ಪಾಪ, ಅವರು ಯಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಹೇಳಿದರು. ಆದರೆ ತನ್ನ ಮಾತು ತನಗೇ ತಿರುಗಿ ಬರುವುದನ್ನು ಕೇಳುತ್ತ ಸಾಮ್ವೆಲ್‌ನ ಮುಖ ಕಲ್ಲಾಯಿತು. ಅವತ್ತಿನಿಂದ ಅವನು ಮಾತು ಬಿಟ್ಟ.

ಕೆಲಸಕ್ಕೆ ಮರಳಿ ಬಂದ. ಕೈ ಓಡುತ್ತಿತ್ತು, ಬಾಯಿಲ್ಲ. ಹೂಂ, ಊಹೂಂ ಕೂಡ ತಲೆಯಲ್ಲೇ. ಮನೆಯಲ್ಲೂ ಹಾಗೆಯೇ. ರೂತಾ ಒಂದು ಸಂಜೆ ನಮ್ಮ ಮನೆಗೆ ಬಂದು ನನ್ನ ಹೆಂಡತಿ ಮಹಾದೇವಿಯ ಮುಂದೆ ಅತ್ತಳು.

'ಅಕ್ಕಾ, ಬೈದ್ರೂ ಚಲೋ ಇತ್ತು, ಹೊಡದ್ರೂ ಚಲೋ ಇತ್ತು. ನಾ ಒಬ್ಬಾಕಿನ ಮನ್ಯಾಗ ಇದ್ದಂಗ ಐತಿ. ಕೆಲಸ ಬಿಟ್ಟು ಎಲ್ಲರೆ ಹೋಗಿಬಿಡ್ತಾರೇನೋ ಅಂತ ಅಂಜಿಕಿ ಆಗ್ತೈತಿ.'

ನಾನು ಮಾಡದ ಉಪಾಯವಿಲ್ಲ. ಅವನನ್ನು ಕೆಣಕಿದರೆ ಮಾತಾಡುತ್ತಾನೆ ಅನ್ನುವ ಭರವಸೆ ನನಗೆ. 'ಏ ಸಾಮ್ವೆಲ್, ನಿಮ್ಮ ಪೇತ್ರ ನೀರ ಮ್ಯಾಲ ನಡದಿದ್ದು ಖರೇನೇನು?' ಅಂತ ಕೇಳಿದೆ. ಇಲ್ಲ. ಕೊನೆಗೆ ಒಂದು ಅಪಾರ್ಟ್‌ಮೆಂಟಿನ ಹಾಲ್‌ನ ನಟ್ಟನಡುವೆ ಒಂದು ಟೈಲ್ಸನ್ನು ಬೇಕಂತಲೇ ಸೊಟ್ಟ ಕೂಡಿಸಿದೆ. ಹದಿನಾರು ವರ್ಷ ಜೋಡಿ ದುಡಿದವರು ನಾವು. ಕೂದಲೆಳೆ ಸರಿದರೂ ನನ್ನ ಅಪ್ಪ ಅಜ್ಜನನ್ನೆಲ್ಲ ನೆನೆಯುತ್ತಿದ್ದವನು. ಅವನು ಬಂದ, ನೋಡಿದ, ಕುಕ್ಕರಗಾಲಲ್ಲಿ ಕೂತ, ಟೈಲ್ಸನ್ನು ಎಬ್ಬಿಸಿ ಒರೆಸಿ ಮತ್ತೆ ನೆಟ್ಟಗೆ ಕೂಡಿಸಿದ. ಎದ್ದು ಹೋದ. ನನಗೆ ಅವತ್ತು ಭಾಳ ಅಂಜಿಕೆ ಆಯಿತು.

ಸಾವಿನಿಂದ ನಿಂತಿದ್ದ ಓದು ಮತ್ತೆ ಸುರುವಾಗುವ, ಒಂಬತ್ತನೆಯ ಅಧ್ಯಾಯದ ಐತವಾರ ಹತ್ತಿರ ಬಂತು. ನಾನು ಪ್ರಭುದಾಸ ಮುತ್ಯಾರ ಮನೆಗೆ ಹೋದೆ.

'ಮುತ್ಯಾರ, ಈ ಸಲ ನನ್ನ ಬಿಡ್ರಿ. ಅವನ ಮುಂದ ಕೂತು ಆ ಪ್ರಶ್ನೆ ಕೇಳಾಕ ನನ್ನ ಕೈಲಿ ಆಗಂಗಿಲ್ಲ.'

'ಕೇಳಬ್ಯಾಡ.'

'ಹಂಗಾರ ಅಧ್ಯಾಯ ಬಿಡೂಣೇನ್ರಿ?'

'ಬಿಡಾಕ ಬರಂಗಿಲ್ಲ. ನೀ ಓದು. ಕೇಳೂದು ಅವಗ ಬಿಡು.'

'ನಾ ಓದಬೇಕಾ? ಇಷ್ಟು ಮಂದಿ ನಿಮ್ಮವರ ಇರಕೋತ, ಲಿಂಗದವ ನಾ ಓದಬೇಕಾ?'

ಮುತ್ಯಾ ಕನ್ನಡಕ ಒರೆಸಿಕೊಂಡರು. 'ನಮ್ಮವರ ಬಾಯಿಂದ ಅವ ಸಾಕಷ್ಟು ಕೇಳ್ಯಾನಪ್ಪ. ಈ ಪುಸ್ತಕ ಅವಗ ಬಾಯಿಪಾಠ ಐತಿ. ನಿನಗ ಬಾಯಿಪಾಠ ಇಲ್ಲಲ್ಲ, ಅದಕ್ಕ ನೀ ಓದು.'

ಶನಿವಾರ ಕೆಲಸ ಮುಗಿಸಿ ಕೈ ತೊಳೆಯುವಾಗ ಸಾಮ್ವೆಲ್‌ಗೆ ಹೇಳಿದೆ: 'ನಾಳೆ ನಿನ್ನ ಸ್ಟೂಲ್ ಮ್ಯಾಲ ನಾ ಕೂಡಾವ. ನಿನಗಿಂತ ಚಲೋ ಓದ್ತೀನಿ, ಬಂದು ನೋಡು.' ಅವನು ಬಕೆಟ್ಟಿನ ನೀರು ಚೆಲ್ಲಿ ನಡೆದ.

ಐತವಾರ ಹತ್ತು ಗಂಟೆಗೇ ಆಕಾಶ ಕಪ್ಪಾಗಿತ್ತು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಸ್ಟೂಲಿನ ಮೇಲೆ ಕೂತೆ. ಅಷ್ಟು ಕೆಳಗೆ ಕೂತರೆ ಎದುರಿನ ಕುರ್ಚಿ ಎಷ್ಟು ಎತ್ತರ ಕಾಣುತ್ತದೆ ಅನ್ನುವುದು ಅವತ್ತೇ ನನಗೆ ಗೊತ್ತಾದದ್ದು. ಚಾಪೆಗಳು ತುಂಬಿದವು. ಸಾಮ್ವೆಲ್ ಬರುವುದಿಲ್ಲವೆಂದು ನಾನು ಆಸೆ ಬಿಟ್ಟಿದ್ದೆ. ಅಷ್ಟರಲ್ಲಿ ರೂತಾ ಕೊಡೆ ಮುಚ್ಚುತ್ತ ಒಳಗೆ ಬಂದಳು, ಹಿಂದೆ ಅವನು. ಕೂಡಲು ಎಲ್ಲೂ ಜಾಗವಿಲ್ಲ. ಯಾರೂ ಸರಿಯಲಿಲ್ಲ. ಮುತ್ಯಾ ಹೇಳಿಟ್ಟಿದ್ದರು ಅಂತ ಆಮೇಲೆ ತಿಳಿಯಿತು. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಬಂದು ಕುರ್ಚಿಯ ಮೇಲೆ ಕೂತ.

ನಾನು ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದೆ. ಮಳೆ ಸುರುವಾಯಿತು. ಒಂದು ಲೋಕಲ್ ರೈಲು ಹೋಯಿತು. ಅದರ ಸದ್ದು ಅಡಗಿದ ಮೇಲೆ ಸಾಮ್ವೆಲ್‌ನ ಗಂಟಲಿನಿಂದ ಕಟ್ಟಿದ ನಲ್ಲಿ ಬಿಟ್ಟಂತೆ ಒಂದು ಸದ್ದು ಬಂತು.

'ಊರಾಗ ಇರ್ತೀನಿ ಅಂದಿದ್ದ ಅವ,' ಅಂದ. 'ಬರಂಗಿಲ್ಲ ಅಣ್ಣಾ, ಅಂದಿದ್ದ. ನಾನ ಕರಕೊಂಡು ಬಂದೆ. ನಾನ. ದಿನಾ ಪ್ರಾರ್ಥನಾ ಮಾಡೀನಿ, ದವಾಖಾನ್ಯಾಗೂ ಮಾಡೀನಿ. ಯಾಕ ಕೇಳಲಿಲ್ಲ? ಯಾಕ? ಹೇಳು. ಓದ್ತೀನಿ ಅಂದ್ಯಲ್ಲ, ಓದು.'

ಅದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಆದರೂ ಓದಲೇಬೇಕಾಗಿತ್ತು. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವನ ಓದು ನನ್ನದು. ಅಕ್ಷರ ಕೂಡಿಸುತ್ತ, ಬೆರಳು ಇಡುತ್ತ ಓದಿದೆ. ಎರಡನೆಯ ಅಚ್ಚು. ಮೂರೇ ಸಾಲು.

'ಇದಕ್ಕೆ ನಾನು ಹಿಂದೆ ಬರೆದ ಜವಾಬು ಸುಳ್ಳಲ್ಲ, ಆದರೆ ಅದು ಅಳುವವನಿಗೆ ಕೊಟ್ಟ ಜವಾಬಲ್ಲ. ಅಳುವವನು ಕೇಳಿದರೆ ಪುಸ್ತಕ ಮುಚ್ಚು. ಅವನು ಏಳುವವರೆಗೆ ನೀನೂ ಏಳಬೇಡ.'

ಮುಚ್ಚಿದೆ.

ಅವನು ಏಳಲಿಲ್ಲ. ಯಾರೂ ಏಳಲಿಲ್ಲ. ಪ್ರಾರ್ಥನೆ ಇಲ್ಲ, ಹಾಡಿಲ್ಲ. ಊರಲ್ಲಿ ಉಪದೇಶ ಹೇಳಿ ಬಂದಿದ್ದ ಮೂವರೂ ತಲೆ ತಗ್ಗಿಸಿ ಕೂತಿದ್ದರು. ಊಟದ ಹೊತ್ತು ಮೀರಿತು. ಮಕ್ಕಳು ತಾಯಂದಿರ ತೊಡೆಯ ಮೇಲೆ ಮಲಗಿದವು. ಹೆಂಗಸರು ಕೂತಲ್ಲಿಂದಲೇ ಬುತ್ತಿ ಬಿಚ್ಚಿ ಕೈಯಿಂದ ಕೈಗೆ ರೊಟ್ಟಿ ದಾಟಿಸಿದರು. ನನಗೂ ಒಂದು ಬಂತು. ಸಾಮ್ವೆಲ್‌ನ ಕೈಗೆ ರೂತಾ ಒಂದು ಇಟ್ಟಳು, ಅವನು ತಿಂದ. ತಿನ್ನುತ್ತ ತಿನ್ನುತ್ತ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಮಧ್ಯಾಹ್ನ ಮಳೆ ಜೋರಾದಾಗ ತಗಡಿನ ಒಂದು ಮೊಳೆ ಸಡಿಲಾಗಿ ನೀರು ನೇರ ಪ್ರಭುದಾಸ ಮುತ್ಯಾರ ತಲೆಯ ಮೇಲೆ ಬೀಳತೊಡಗಿತು. ಮುತ್ಯಾ ಅಲುಗಲಿಲ್ಲ. ಸಭೆಯ ನಿಯಮ. ನೀರು ಬೋಳು ತಲೆಯಿಂದ ಕನ್ನಡಕಕ್ಕೆ, ಕನ್ನಡಕದಿಂದ ಗಡ್ಡಕ್ಕೆ ಇಳಿಯುತ್ತಿದೆ, ಮನುಷ್ಯ ಗುಂಡುಕಲ್ಲಿನಂತೆ ಕೂತಿದ್ದಾನೆ. ಸಾಮ್ವೆಲ್ ನೋಡಿದ. ಇನ್ನೊಮ್ಮೆ ನೋಡಿದ. ಗೌಂಡಿಯ ಜೀವ, ಸೋರುವುದನ್ನು ಎಷ್ಟು ಹೊತ್ತು ನೋಡೀತು? ಎದ್ದುಹೋಗಿ ಮೂಲೆಯಲ್ಲಿದ್ದ ಬಕೆಟ್ಟು ತಂದ, ಮುತ್ಯಾರ ಕಂಕುಳಿಗೆ ಕೈ ಹಾಕಿ ಮಗುವಿನಂತೆ ಪಕ್ಕಕ್ಕೆ ಸರಿಸಿ ಬಕೆಟ್ಟನ್ನು ಅಲ್ಲಿಟ್ಟ.

'ಎದ್ದ, ಎದ್ದ' ಅಂತ ಹಿಂದಿನಿಂದ ಯಾರೋ ಅಂದರು. ಕಾಲು ಜೋಮು ಹಿಡಿದ ಮಂದಿ ದಡದಡ ಏಳತೊಡಗಿದರು.

'ಏ, ಕೂಡ್ರಿ ಎಲ್ಲಾರು!' ಸಾಮ್ವೆಲ್ ಗದರಿದ. 'ನಾ ಬಕೆಟ್ ಇಡಾಕ ಎದ್ದೀನಿ. ಸಭಾ ಮುಗದಿಲ್ಲ.' ಹೋಗಿ ಮತ್ತೆ ಕುರ್ಚಿಯ ಮೇಲೆ ಕೂತ.

ಅರ್ಧ ಎದ್ದವರು ಅರ್ಧದಲ್ಲೇ ನಿಂತು, ಮತ್ತೆ ಕೂತರು. ಮುತ್ಯಾ ಒದ್ದೆ ಕನ್ನಡಕದೊಳಗಿಂದ ಮೆಲ್ಲಗೆ ನಕ್ಕರು. ಆಮೇಲೆ ರೂತಾ ನಕ್ಕಳು. ಆಮೇಲೆ ಚಾಪೆಯಿಂದ ಚಾಪೆಗೆ ಅದು ಹರಿಯಿತು. ಸಾಮ್ವೆಲ್ ಮುಖ ಗಂಟು ಹಾಕಿಕೊಂಡೇ ಇದ್ದವನು ತಡೆಯಲಾರದೆ ನಕ್ಕ, ನಗುತ್ತಲೇ ಜೋರಾಗಿ ಅತ್ತ. ತಮ್ಮನಿಗಾಗಿ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಮಳೆ ನಿಂತು ತಗಡಿನ ಸಂದಿಯಿಂದ ಇಳಿಬಿಸಿಲು ಬಂದಾಗ ಅವನು ಎದ್ದ. ಈ ಸಲ ಖರೆ ಎದ್ದ. ನನ್ನ ಮುಂದೆ ಬಂದು ನಿಂತ. ನಾನು ಇನ್ನೂ ಸ್ಟೂಲಿನ ಮೇಲೆಯೇ ಇದ್ದೆ.

'ಅವತ್ತ ಆ ಹಾಲ್‌ನಾಗ ಟೈಲ್ಸ್ ಯಾಕ ಸೊಟ್ಟ ಕೂಡ್ಸಿದಿ?' ಅಂದ. 'ಕಣ್ಣ ಹೋಗ್ಯಾವೇನು ನಿನ್ನವು? ನಿಮ್ಮಪ್ಪ ಯಾವ ಕುಡ್ಡ ಗೌಂಡಿ ಕೈಯಾಗ ಕೊಟ್ಟಿದ್ದ ನಿನ್ನ?'

ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ.

ಅವನಿಗೆ ಜವಾಬು ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ. ನಾನು ಕೇಳಿಲ್ಲ. ಎಲ್ಲ ಬಿಟ್ಟು ಪ್ರಶ್ನೆ ಕೇಳುವುದನ್ನೇ ಕಲಿತವನು ನಾನು, ಅದೊಂದು ಮಾತ್ರ ಕೇಳಿಲ್ಲ. ಅವನ ನಂಬಿಕೆ ಉಳಿಯಿತು. ನಾನು ನನ್ನ ಲಿಂಗದೊಂದಿಗೆ ಉಳಿದೆ. ಪ್ರಭುದಾಸ ಮುತ್ಯಾ ಈಗಿಲ್ಲ. ಸಭೆಗೆ ಈಗ ಕೊಂಡಾಪುರದ ಆಫೀಸುಗಳ ಹುಡುಗ ಹುಡುಗಿಯರೂ ಬರುತ್ತಾರೆ. ಜವಾಬು ಪುಸ್ತಕ ಅವರ ಫೋನಿನಲ್ಲಿದೆ. ಅವರ ಪ್ರಶ್ನೆಗಳು ಬೇರೆ, ಮುಲ್ಲಾ ಅಯ್ಯನವರು ಕೇಳದವು. ಹೊಸದಾಗಿ ಬಂದವನೊಬ್ಬ, ಪುಸ್ತಕಕ್ಕೆ ಹೊಸ ಅಧ್ಯಾಯ ಬೇಕು ಅಂದ. ಸಾಮ್ವೆಲ್ ಅವನನ್ನು ಹಿಡಿದು ಕುರ್ಚಿಯ ಮೇಲೆ ಕೂಡಿಸಿ ತಾನು ಕೆಳಗೆ ಕೂತ. 'ಮೊದಲ ಕೇಳು, ಆಮ್ಯಾಲ ಬರಿಯೂಣು' ಅಂದ.

ಒಂಬತ್ತನೆಯ ಅಧ್ಯಾಯ ಮಾತ್ರ ಪ್ರತಿ ಮಳೆಗಾಲ ನಾನೇ ಓದುತ್ತೇನೆ. ಕುರ್ಚಿಯ ಮೇಲೆ ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು. ಸಾಮ್ವೆಲ್ ಚಾಪೆಯ ಮೇಲೆ, ಎಲ್ಲರ ಜೊತೆ. ಒಮ್ಮೆ ಕತ್ತಲಾಗುವವರೆಗೂ ಕೂತಿದ್ದೇವೆ. ಹೊಸ ಮಂದಿರದ ನೆಲಕ್ಕೆ ಟೈಲ್ಸ್ ಕೂಡಿಸಿದವನು ಅವನೇ, ಕತ್ತರಿಸಿದವನು ನಾನು. ಕುರ್ಚಿ ಇಡುವ ಜಾಗದಲ್ಲಿ ಅವನು ಗೋಲಿ ಇಟ್ಟು ನೋಡಿದ. ಅಲುಗಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಲಿಂಗಂಪಲ್ಲಿಯಲ್ಲಿ ಎರಡು ಕೋಣೆಯ ಮನೆ, ಎರಡು ಕಟರು, ಒಂದು ಗಾಡಿ, ಕೈಕೆಳಗೆ ಆರು ಆಳು, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಕೊರಳಲ್ಲಿ ಒಂದು ಲಿಂಗ, ಗೋಡೆಯ ಮಾಡದಲ್ಲಿ ಬೇವಿನೆಲೆ ಇಟ್ಟ ಒಂದು ಜವಾಬು ಪುಸ್ತಕ, ಬೈಯುವುದಕ್ಕೆ ಒಬ್ಬ ಸಾಮ್ವೆಲ್.